ಎಚ್ ಬೇಕಾ ಬೇಡವಾ: ನಮ್ಮ ಕೂಸಿಗೆ ಹೆಸರಿಟ್ಟ ಕಥೆ

ನನ್ನ ಹೆಸರು ಸೌಮ್ಯ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅದು ಎಸ್ ಒ ಡಬ್ಲ್ಯು ಅಂತ ಶುರುವಾಗುತ್ತದೆ. ಪ್ಯಾನ್ ಕಾರ್ಡಿನಲ್ಲಿ ಎಸ್ ಒ ಯು. ಮೊದಲ ಕೆಲಸದ ಪಿಎಫ್ ಖಾತೆಯಲ್ಲಿ ಯಾರೋ ಪುಣ್ಯಾತ್ಮರು ಎಸ್ ಎ ಯು ಅಂತ ಹಾಕಿದ್ದಾರೆ. ಈ ಮೂರು ಜನರೂ ನಾನೇ ಅಂತ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಬರೆದುಕೊಟ್ಟಿದ್ದೇನೆ, ಅದೂ ಎರಡು ಸಲ. ಸಾಲದ್ದಕ್ಕೆ ಹೈಸ್ಕೂಲಿನಲ್ಲಿ ನಮ್ಮ ಒಂದೇ ಕ್ಲಾಸಿನಲ್ಲಿ ಮೂವರು ಸೌಮ್ಯ ಇದ್ದೆವು. ಸೌಮ್ಯ ಎಚ್, ಸೌಮ್ಯ ಜಿ, ಆಮೇಲೆ ಉದ್ದ ಸೌಮ್ಯ. ಉದ್ದ ಸೌಮ್ಯ ಅಂದರೆ ನಾನು.

ಹಾಗಾಗಿ ಹೊಟ್ಟೆಯಲ್ಲಿ ಮಗು ಇದ್ದಾಗಲೇ ಎರಡು ಷರತ್ತು ಹಾಕಿದ್ದೆ. ಒಂದು, ಕ್ಲಾಸಿನಲ್ಲಿ ಆ ಹೆಸರಿನವರು ಇನ್ನೊಬ್ಬರು ಇರಬಾರದು. ಎರಡು, ಇಂಗ್ಲಿಷಿನಲ್ಲಿ ಅದನ್ನು ಒಂದೇ ರೀತಿ ಬರೆಯೋಕೆ ಬರಬೇಕು. ಈ ಎರಡೂ ಒಂದಕ್ಕೊಂದು ಆಗಿಬರೋದಿಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ. ಎಲ್ಲರೂ ಇಡೋ ಹೆಸರಾದರೆ ಬರೆಯೋ ರೀತಿ ಜನರಿಗೆ ರೂಢಿಯಾಗಿರುತ್ತದೆ. ಯಾರೂ ಇಡದ ಹೆಸರಾದರೆ ಕೇಳಿದವರೆಲ್ಲ ತಮಗೆ ತೋಚಿದ ಹಾಗೆ ಬರೆಯುತ್ತಾರೆ.

ಮೊದಲು ಹೆಸರಿನ ವೆಬ್‌ಸೈಟುಗಳನ್ನು ನೋಡಿದೆವು. ಅಲ್ಲಿ ಯಾವ ಎರಡು ಅಕ್ಷರ ಕೂಡಿಸಿದರೂ ಅದಕ್ಕೆ 'ಲಕ್ಷ್ಮಿ' ಅಂತಲೋ 'ದೇವರ ಉಡುಗೊರೆ' ಅಂತಲೋ ಅರ್ಥ ಇರುತ್ತದೆ. ಎರಡು ದಿನ ನೋಡಿ ಬಿಟ್ಟೆವು. ಸಂಸ್ಕೃತ ಬೇಡ, ಮನೆಯಲ್ಲಿ ಆಡೋ ಕನ್ನಡದ ಪದ ಇರಲಿ ಅಂತ ನಾನು. ನನ್ನ ಗಂಡನಿಗೂ ಅದು ಹಿಡಿಸಿತು. ಅವರ ಮೊದಲ ಆಯ್ಕೆ 'ಮಳೆ'.

ಎಷ್ಟು ಚೆನ್ನಾಗಿದೆ ಅಲ್ವಾ? ನನಗೂ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಆಮೇಲೆ ಒಂದು ಬಿಳಿ ಹಾಳೆ ತಗೊಂಡು ಇಂಗ್ಲಿಷಿನಲ್ಲಿ ಬರೆದು ನೋಡಿದೆ. ಎಂ ಎ ಎಲ್ ಇ. ಹೆಸರು: ಮೇಲ್. ಲಿಂಗ: ಫೀಮೇಲ್. ಇಬ್ಬರೂ ಹಾಳೆಯನ್ನೇ ನೋಡುತ್ತಾ ಕೂತೆವು.

ಅಲ್ಲಿಂದ ನಮಗೊಂದು ಹುಚ್ಚು ಹತ್ತಿತು. ಎಕಾರದಲ್ಲಿ ಮುಗಿಯೋ ಪುಟ್ಟ ಕನ್ನಡ ಪದಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯೋದು. ಅಲೆ ಬರೆದರೆ ಏಲ್ ಆಗುತ್ತದೆ, ಅದೊಂದು ಬಗೆಯ ಬಿಯರ್. ಹೊಳೆ ಬರೆದರೆ ಹೋಲ್, ತೂತು. ಕಲೆ ಬರೆದರೆ ಕೇಲ್, ಅದು ಡಯಟ್ ಮಾಡುವವರು ತಿನ್ನೋ ಸೊಪ್ಪು. ಇಳೆ ಬರೆದರೆ ಅದು ಯಾವ ಭಾಷೆಯ ಪದ ಅಂತಲೇ ಗೊತ್ತಾಗೋದಿಲ್ಲ, ಮೇಲಾಗಿ ಳಕಾರ ಲಕಾರ ಎರಡಕ್ಕೂ ಇರೋದು ಒಂದೇ ಎಲ್. 'ತೆನೆ' ಮಾತ್ರ ಸ್ವಲ್ಪ ದಿನ ಉಳಿದುಕೊಂಡಿತ್ತು. ಆದರೆ ನನ್ನ ಗಂಡನ ಊರು ಮಂಡ್ಯ ಕಡೆ. ಅಲ್ಲಿ ತೆನೆ ಅಂದರೆ ಜನಕ್ಕೆ ಮೊದಲು ನೆನಪಾಗೋದು ಜೆಡಿಎಸ್ ಪಕ್ಷದ ಗುರುತು, ತೆನೆ ಹೊತ್ತ ಮಹಿಳೆ. ಅತ್ತಿಗೆ ಫೋನಿನಲ್ಲಿ 'ಹೆಸರಿಡೋ ದಿನ ಯಾರನ್ನ ಕರೆಸ್ತೀರ, ಶಾಸಕರನ್ನಾ?' ಅಂತ ಕೇಳಿದ ಮೇಲೆ ಅದನ್ನೂ ಕೈಬಿಟ್ಟೆವು.

ಹೆರಿಗೆಗೆ ತವರಿಗೆ ಹೋದೆ. ನಮ್ಮೂರು ಉತ್ತರ ಕನ್ನಡ ಜಿಲ್ಲೆ, ಘಟ್ಟದ ಮೇಲೆ. ಹೋಳಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಮಗಳು ಹುಟ್ಟಿದಳು. ನಮ್ಮ ಕಡೆ ಹೆಣ್ಣುಮಗುವಿಗೆ ಕೂಸು ಅನ್ನುತ್ತಾರೆ, ಹೆಸರು ಇನ್ನೂ ಇಲ್ಲದ್ದರಿಂದ ಎಲ್ಲರ ಬಾಯಲ್ಲೂ ಕೂಸು ಅಂತಲೇ ಆಯಿತು. ಆಸ್ಪತ್ರೆಯಲ್ಲಿ ಹೆಸರು ಕೇಳಿದರು. ಇಲ್ಲ ಅಂದೆ. ಪರವಾಗಿಲ್ಲ, ಈಗ ಹೆಸರಿಲ್ಲದೆ ನೋಂದಣಿ ಮಾಡ್ತೀವಿ, ಆಮೇಲೆ ಸೇರಿಸಿಕೊಳ್ಳಿ ಅಂದರು. ಇದು ಗೊತ್ತಿಲ್ಲದೆ ಅವಸರಕ್ಕೆ ಯಾವುದೋ ಹೆಸರು ಕೊಟ್ಟು ಆಮೇಲೆ ಪೇಚಾಡೋರನ್ನು ನಾನು ನೋಡಿದ್ದೇನೆ, ಅದಕ್ಕೇ ಹೇಳಿಬಿಡುತ್ತೇನೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದು ಕಡ್ಡಾಯ. ಆದರೆ ಹೆಸರು ಆಗಲೇ ಬೇಕು ಅಂತಿಲ್ಲ. ನೋಂದಣಿಯಾದ 12 ತಿಂಗಳ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಅದಾದ ಮೇಲೂ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಒಂದೇ ತೊಂದರೆ ಅಂದರೆ ಮಗು ಎಲ್ಲಿ ಹುಟ್ಟಿತೋ ಅಲ್ಲಿಯ ಕಚೇರಿಯಲ್ಲೇ ಆಗಬೇಕು. ನಾವಿರೋದು ಬೆಂಗಳೂರು, ಕೂಸು ಹುಟ್ಟಿದ್ದು ಘಟ್ಟದಲ್ಲಿ.

ಹೆಸರಿಲ್ಲದ ಆ ಪ್ರಮಾಣಪತ್ರ ಬಂತು. ಮಗುವಿನ ಹೆಸರಿನ ಜಾಗ ಖಾಲಿ. ತಾಯಿಯ ಹೆಸರಿನ ಜಾಗದಲ್ಲಿ ಎಸ್ ಒ ಯು. ನನ್ನ ಆಧಾರ್‌ನಲ್ಲಿ ಇರೋದು ಎಸ್ ಒ ಡಬ್ಲ್ಯು. ಹುಟ್ಟಿ ಹತ್ತು ದಿನ ಆಗಿಲ್ಲ, ಸ್ವಂತ ಹೆಸರೇ ಇಲ್ಲ, ಆಗಲೇ ಕೂಸಿಗೊಂದು ಸ್ಪೆಲ್ಲಿಂಗ್ ತಕರಾರು.

ಹನ್ನೆರಡನೇ ದಿನಕ್ಕೆ ನಾಮಕರಣ ಮಾಡಬೇಕು ಅಂತ ಆಯಿ, ಅಂದರೆ ನನ್ನ ಅಮ್ಮ, ಭಟ್ಟರನ್ನು ಕರೆಸಿದಳು. ಹಸ್ತಾ ನಕ್ಷತ್ರ, ಮೂರನೇ ಪಾದ. ಹಸ್ತಾ ನಕ್ಷತ್ರದ ನಾಲ್ಕು ಪಾದಕ್ಕೆ ಅಕ್ಷರ ಪು, ಷ, ಣ, ಠ. ಅಂದರೆ ನಮ್ಮ ಕೂಸಿಗೆ ಬಂದಿದ್ದು ಣ. ಕನ್ನಡದಲ್ಲಿ ಣಕಾರದಿಂದ ಶುರುವಾಗೋ ಒಂದು ಪದ ಹೇಳಿ ನೋಡೋಣ! ನಾನು ಭಟ್ಟರ ಮುಖ ನೋಡಿದೆ, ಭಟ್ಟರು ಪಂಚಾಂಗ ನೋಡಿದರು. ಆಮೇಲೆ ಅವರೇ, 'ಣಕ್ಕೆಲ್ಲ ತಲೆ ಕೆಡಿಸ್ಕಳದು ಬ್ಯಾಡ, ಅದೇ ನಕ್ಷತ್ರದ ಪು ಇದ್ದಲ, ಪುಷ್ಪಾ ಹೇಳಿ ಇಟ್ಬಿಡನ' ಅಂದರು. ಕರೆಯೋ ಹೆಸರು ಬೇರೆ ಇಟ್ಟುಕೊಳ್ಳಿ, ಅದು ನಿಮಗೆ ಬಿಟ್ಟಿದ್ದು. ತಟ್ಟೆಯಲ್ಲಿ ಅಕ್ಕಿ ಹರವಿ ಉಂಗುರದಿಂದ ಪುಷ್ಪಾ ಅಂತ ಬರೆದಾಯಿತು. ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದ ಅತ್ತಿಗೆಯ ಮಗ ತಕ್ಷಣ ಗದ್ದದ ಕೆಳಗೆ ಕೈ ಸವರಿ ತೋರಿಸಿದ. ಈಗ ಪುಷ್ಪಾ ಅಂದರೆ ಮಕ್ಕಳಿಗೆಲ್ಲ ಆ ಸಿನಿಮಾನೇ.

ಆದರೆ ಆ ದಿನವೇ ಕರೆಯೋ ಹೆಸರೂ ಸಿಕ್ಕಿತು, ಹುಡುಕದೆ.

ನಾಮಕರಣಕ್ಕೆ ಬಂದಿದ್ದ ನೆಂಟರೊಬ್ಬರು ಬಾಳೆಲೆಯಲ್ಲಿ ಸುತ್ತಿ ಸುರಗಿ ಮಾಲೆ ತಂದಿದ್ದರು. ಸುರಗಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಘಟ್ಟದ ಮತ್ತು ಕರಾವಳಿಯ ಕಡೆಯ ದೊಡ್ಡ ಮರ. ಬೇಸಿಗೆ ಶುರುವಾಗೋ ಹೊತ್ತಿಗೆ ಕೊಂಬೆಗೆ ಅಂಟಿಕೊಂಡೇ ಮೊಗ್ಗು ಬಿಡುತ್ತದೆ. ಬಿಳಿ ಎಸಳು, ನಡುವೆ ಹಳದಿ ಕೇಸರಗಳ ಕುಚ್ಚು. ಬೆಳಗಿನ ಜಾವ ಮರ ಹತ್ತಿ ಮೊಗ್ಗು ಇರುವಾಗಲೇ ಕೊಯ್ಯಬೇಕು, ಬಿಸಿಲೇರಿದರೆ ಅರಳಿಬಿಡುತ್ತದೆ. ಪರಿಮಳ ಹೇಗಿರುತ್ತೆ ಅಂತ ಬರೆಯೋಕೆ ನನ್ನಿಂದ ಆಗೋದಿಲ್ಲ, ಮಲ್ಲಿಗೆಯ ಹಾಗಲ್ಲ, ಸಂಪಿಗೆಯ ಹಾಗೂ ಅಲ್ಲ. ಇದರ ವಿಶೇಷ ಏನಂದರೆ ಒಣಗಿದ ಮೇಲೂ ಪರಿಮಳ ಹೋಗೋದಿಲ್ಲ. ನನ್ನ ಅಮ್ಮಮ್ಮ ಒಣಗಿದ ಮಾಲೆಯನ್ನು ಟ್ರಂಕಿನಲ್ಲಿ ಪಟ್ಟೆ ಸೀರೆಯ ನಡುವೆ ಇಡುತ್ತಿದ್ದಳು. ಯಾರದ್ದಾದರೂ ಮದುವೆಗೆ ಅಂತ ಆ ಟ್ರಂಕ್ ತೆಗೆದರೆ ಮನೆಯೆಲ್ಲ ಸುರಗಿ. ಅಮ್ಮಮ್ಮ ತೀರಿಕೊಂಡು ಎಷ್ಟೋ ವರ್ಷ ಆಯಿತು. ಬಾಣಂತಿ ಕೋಣೆಯಲ್ಲಿ ಧೂಪದ ಹೊಗೆ, ಎಣ್ಣೆ ವಾಸನೆ, ಅದರ ಮಧ್ಯೆ ಈ ಮಾಲೆ ಬಂದಿದ್ದೇ ನಾನು, 'ಆಯಿ, ಸುರಗಿ ಅಂತ ಇಡ್ತೀನಿ' ಅಂದೆ.

ಆಯಿ ಒಂದು ಕ್ಷಣ ಸುಮ್ಮನಿದ್ದಳು. 'ಮರದ ಹೆಸ್ರನೆ? ...ಚೊಲೋ ಇದ್ದು ತಗ.'

ಗಂಡನಿಗೆ ಫೋನ್ ಮಾಡಿದೆ. ಅವರಿಗೆ ಕೇಳಿದ್ದು ಸುರಭಿ. ಇದನ್ನು ಇಲ್ಲೇ ಬರೆದಿಡುತ್ತೇನೆ, ಯಾಕೆಂದರೆ ಆವತ್ತಿನಿಂದ ಇವತ್ತಿನವರೆಗೆ ಮೊದಲ ಸಲ ಕೇಳಿದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕೇಳಿಸೋದು ಸುರಭಿ ಅಂತಲೇ. ಫೋನಿನ ಕೀಬೋರ್ಡಿಗೂ ಅಷ್ಟೇ, ಅದು ತಾನೇ ತಿದ್ದಿ ಸುರಭಿ ಮಾಡುತ್ತದೆ. ಅಪರೂಪದ ಹೆಸರಿಡೋರು ಇದಕ್ಕೆ ತಯಾರಿರಬೇಕು. ಜನ ಹೊಸ ಹೆಸರನ್ನು ಕೇಳಿಸಿಕೊಳ್ಳೋದಿಲ್ಲ, ಹತ್ತಿರದ ಹಳೆ ಹೆಸರಿಗೆ ತಂದು ನಿಲ್ಲಿಸುತ್ತಾರೆ.

ಮುಂದಿನ ತಕರಾರು ಮಂಡ್ಯದಿಂದ ಬಂತು. ನಮ್ಮ ಮಾವ ಕನ್ನಡ ಮೇಷ್ಟ್ರಾಗಿ ರಿಟೈರ್ ಆದವರು. ಅವರ ಊರಿನಲ್ಲಿ ಸುರಗಿ ಮರ ಇಲ್ಲ. ಆದರೆ ಹಳಗನ್ನಡ ಇದೆ. 'ಅಲ್ಲಮ್ಮ ಸೌಮ್ಯ, ಸುರಗಿ ಅಂದ್ರೆ ಕಿರುಗತ್ತಿ ಕಣಮ್ಮ. ಹೆಣ್ಣುಮಗೂಗೆ ಚೂರಿ ಅಂತ ಹೆಸ್ರಿಡ್ತೀರಾ?' ನಾನು ಬೆಚ್ಚಿಬಿದ್ದೆ. ನಿಘಂಟು ನೋಡಿದರೆ ಅವರು ಹೇಳಿದ್ದು ನಿಜ. ಹೂವೂ ಹೌದು, ಕತ್ತಿಯೂ ಹೌದು. ಘಟ್ಟದ ಮೇಲೆ ಬೆಳೆದ ನನಗೆ ಕತ್ತಿಯ ಅರ್ಥ ಗೊತ್ತಿಲ್ಲ, ಬಯಲುಸೀಮೆಯ ಮಾವನಿಗೆ ಹೂವು ಗೊತ್ತಿಲ್ಲ. ಅತ್ತಿಗೆ ಮಾತ್ರ ಖುಷಿಯಲ್ಲಿ, 'ಬಿಡಪ್ಪ, ಚಾಕು ಅಂತ ಕರೆಯೋಣ, ಚಿಕ್ಕದಾಗಿ ಚೊಕ್ಕವಾಗಿ ಇರತ್ತೆ' ಅಂದರು.

ಮಾವನ ಜೊತೆ ನಾನು ವಾದ ಮಾಡಲಿಲ್ಲ. ಮೂರು ತಿಂಗಳ ಬಾಣಂತನ ಮುಗಿಸಿ ಹೋಗುವಾಗ ಆ ಮಾಲೆಯನ್ನು ಕಾಗದದ ಕವರಿನಲ್ಲಿ ಹಾಕಿಕೊಂಡು ಹೋದೆ. ಅಷ್ಟೊತ್ತಿಗೆ ಅದು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಲವಂಗ ಪೋಣಿಸಿಟ್ಟ ಹಾಗೆ ಕಾಣುತ್ತಿತ್ತು. ಮಾವ ಕನ್ನಡಕ ಹಣೆಗೆ ಏರಿಸಿ ಕವರಿನೊಳಗೆ ಇಣುಕಿದರು. ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಸಲ ಹಿಡಿದರು. 'ಯಾವತ್ತಿನದಮ್ಮ ಇದು?' ಅಂದರು. ನಾಮಕರಣದ ದಿನದ್ದು ಮಾವ, ಅಂದೆ. ಅವರು ಏನೂ ಹೇಳಲಿಲ್ಲ. ಕವರನ್ನು ವಾಪಸ್ ಕೊಡಲೂ ಇಲ್ಲ. ಎರಡು ದಿನ ಆದ ಮೇಲೆ ಅದು ಅವರ ಪುಸ್ತಕದ ಕಪಾಟಿನಲ್ಲಿ ಸಿಕ್ಕಿತು.

ಐದನೇ ತಿಂಗಳಲ್ಲಿ ಅಲ್ಲೇ ತೊಟ್ಟಿಲು ಶಾಸ್ತ್ರ ಆಯಿತು. ಹೆಸರು ಕಿವಿಯಲ್ಲಿ ಹೇಳೋದು ಸೋದರತ್ತೆಯ ಹಕ್ಕು. ಅತ್ತಿಗೆ ರೇಷ್ಮೆ ಸೀರೆ ಉಟ್ಟು, ಕೂಸಿನ ಕಿವಿಗೆ ಬಗ್ಗಿ, ಎಲ್ಲರಿಗೂ ಕೇಳೋ ಹಾಗೆ 'ಸುರಭಿ' ಅಂದರು. ಅಷ್ಟು ದಿನ ಚಾಕು ಚಾಕು ಅಂತ ಆಡಿಕೊಂಡವರು! ಇಡೀ ಮನೆ ನಕ್ಕಿತು. ಮೊದಲನೇದು ಲೆಕ್ಕಕ್ಕಿಲ್ಲ ಅಂತ ಹಿರಿಯರು ತೀರ್ಮಾನ ಕೊಟ್ಟ ಮೇಲೆ ಮೂರು ಸಲ ಸರಿಯಾಗಿ ಹೇಳಿದರು.

ಹೆಸರು ಆಯಿತು. ಇನ್ನು ಸ್ಪೆಲ್ಲಿಂಗ್. ಇದಕ್ಕೆ ಹೆಸರು ಹುಡುಕಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು ಅಂದರೆ ನಂಬುತ್ತೀರಾ?

ಕನ್ನಡದಲ್ಲಿ ಮೂರೇ ಅಕ್ಷರ. ಸು, ರ, ಗಿ. ಇಂಗ್ಲಿಷಿನಲ್ಲಿ ನೇರವಾಗಿ ಬರೆದರೆ ಎಸ್ ಯು ಆರ್ ಎ ಜಿ ಐ. ಅಷ್ಟೇ ತಾನೆ ಅಂತ ಅಂದುಕೊಂಡಿದ್ದೆವು. ನನ್ನ ಗಂಡ ಆಫೀಸಿನಲ್ಲಿ ಒಂದು ಪರೀಕ್ಷೆ ಮಾಡಿದರು. ಕನ್ನಡ ಬಾರದ ಒಂಬತ್ತು ಜನರಿಗೆ ಇಂಗ್ಲಿಷಿನಲ್ಲಿ ಬರೆದ ಚೀಟಿ ಕೊಟ್ಟು ಓದಿ ಅಂದರು. ಐದು ಜನ 'ಸುರಾಗಿ' ಅಂದರು. ಇಬ್ಬರು 'ಸುರಾಜಿ'. ಒಬ್ಬ 'ಸುರ್ಗಿ'. ಇನ್ನೊಬ್ಬರು ಇದು ಜಪಾನಿ ಹೆಸರಾ ಅಂತ ಕೇಳಿದರು. ಸರಿಯಾಗಿ ಓದಿದವರು ಯಾರೂ ಇಲ್ಲ.

ಆಮೇಲೆ ಉಲ್ಟಾ ಪರೀಕ್ಷೆ. ಕನ್ನಡ ಬಲ್ಲ ಗೆಳೆಯರಿಗೆ ಕನ್ನಡದಲ್ಲಿ 'ಸುರಗಿ' ಅಂತ ಮೆಸೇಜ್ ಕಳಿಸಿ, ಇದನ್ನು ಇಂಗ್ಲಿಷಿನಲ್ಲಿ ಹೇಗೆ ಬರೀತೀರಿ ಅಂತ ಕೇಳಿದೆವು. ಒಬ್ಬಳು ಬಿಟ್ಟು ಉಳಿದವರೆಲ್ಲ ಒಂದೇ ರೀತಿ ಬರೆದರು, ಅದೇ ಆರು ಅಕ್ಷರ. ಅಂದರೆ ಬರೆಯೋ ನಮಗೆ ಗೊಂದಲ ಇಲ್ಲ. ಓದೋ ಬೇರೆಯವರಿಗೆ ಗೊಂದಲ. ಹಾಗಾದರೆ ನಾವು ಸ್ಪೆಲ್ಲಿಂಗ್ ಮಾಡೋದು ಯಾರಿಗೋಸ್ಕರ? ಈ ಪ್ರಶ್ನೆಯನ್ನು ಆಗಲೇ ಕೇಳಿಕೊಂಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಹಾಗೆ ನೋಡಿದರೆ ನಮ್ಮವರು ಮೊದಲಿಂದಲೂ ತಮ್ಮ ಪಾಡಿಗೆ ತಾವು ಬರೆದುಕೊಂಡು ಬಂದಿದ್ದಾರೆ. ಸ್ವಾತಿ, ಲತಾ, ಗೀತಾ ಇವರೆಲ್ಲರಿಗೆ ನಾವು ಟಿ ಜೊತೆ ಎಚ್ ಹಾಕುತ್ತೇವೆ, ಉತ್ತರ ಭಾರತದವರು ಬರೀ ಟಿ ಬರೆಯುತ್ತಾರೆ. ಅವರು ನಮ್ಮ ಲತಾಳನ್ನು 'ಲಥಾ' ಅಂತ ಓದಿದರೆ ಓದಲಿ ಅಂತ ಬಿಟ್ಟಿದ್ದೇವಲ್ಲ.

ಆದರೆ ಆಗ ನನ್ನ ತಲೆಯಲ್ಲಿ ಇದ್ದಿದ್ದು ಆ 'ಸುರಾಜಿ' ಒಂದೇ. ನನ್ನ ತಮ್ಮ ಅಮೆರಿಕದಲ್ಲಿ, ಡಲ್ಲಾಸ್‌ನಲ್ಲಿ ಇದ್ದಾನೆ. ಅವನಿಗೆ ಫೋನ್ ಮಾಡಿದರೆ ಅವನದು ಒಂದೇ ಹಟ. 'ಅಕ್ಕಾ, ಜಿ ಆದ್ಮೇಲೆ ಐ ಬಂದ್ರೆ ಇಲ್ಲಿಯವ್ರು ಜಕಾರನೇ ಓದದು. ಮಧ್ಯ ಒಂದು ಎಚ್ ಹಾಕು. ಸ್ಪಗೆಟ್ಟಿಲಿ ಎಚ್ ಯಾಕೆ ಇದ್ದು ಮಾಡಿದ್ದೆ?' ನನಗೆ ಹೌದು ಅನ್ನಿಸಿತು.

ಅದೇ ವಾರ ನನ್ನ ಗಂಡನ ಚಿಕ್ಕಮ್ಮ ಸಂಖ್ಯಾಶಾಸ್ತ್ರದ ಆ್ಯಪ್ ಹಿಡಿದುಕೊಂಡು ಬಂದರು. ಅದರಲ್ಲಿ ಪ್ರತಿ ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಅಂಕ. ಎಸ್‌ಗೆ 3, ಯುಗೆ 6, ಆರ್‌ಗೆ 2, ಎಗೆ 1, ಜಿಗೆ 3, ಐಗೆ 1. ಕೂಡಿಸಿದರೆ 16. ಅಯ್ಯೋ ಹದಿನಾರು ಬೇಡ, ಅದು ಬೀಳೋ ಗೋಪುರದ ಸಂಖ್ಯೆ ಅಂದರು. ಎಚ್‌ಗೆ 5. ಎಚ್ ಸೇರಿಸಿದರೆ 21, ಅದು ಕಿರೀಟ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಇಂಗ್ಲಿಷ್ ಅಕ್ಷರದ ಮೇಲೆ ಘಟ್ಟದ ಹೂವಿನ ಭವಿಷ್ಯ ನಿಂತಿರುತ್ತೆ ಅಂದರೆ ಏನು ಹೇಳೋದು. ಆದರೂ ಬೀಳೋ ಗೋಪುರ ಅಂತ ಕಿವಿಗೆ ಬಿದ್ದ ಮೇಲೆ ಅದನ್ನು ತೆಗೆದು ಹಾಕೋದು ಕಷ್ಟ. ಡಲ್ಲಾಸಿನ ತಮ್ಮ ಮತ್ತು ಮಂಡ್ಯದ ಚಿಕ್ಕಮ್ಮ ಜೀವಮಾನದಲ್ಲಿ ಮೊದಲ ಸಲ ಒಂದೇ ಮಾತಿಗೆ ಬಂದಿದ್ದರು. ಎಚ್ ಹಾಕಿ.

ಹೆಚ್ಚುಕಡಿಮೆ ನಿರ್ಧಾರ ಆಗೇ ಹೋಗಿತ್ತು. ಮಾವನಿಗೆ ತೋರಿಸಿದೆವು. ಅವರು ಕಾಗದ ದೂರ ಹಿಡಿದು ಒಂದೊಂದೇ ಅಕ್ಷರ ಓದಿದರು. 'ಜಿ ಎಚ್ ಐ. ಇದು ಗಿ ಅಲ್ಲಪ್ಪ, ಮಹಾಪ್ರಾಣ. ಘಿ. ಸುರ ಅಂದ್ರೆ ದೇವತೆ. ಸುರಘಿ. ದೇವತೆಗಳ ತುಪ್ಪ!' ಅಂತ ಹೇಳಿ ಪೇಪರ್ ಓದೋಕೆ ಕೂತರು.

ಜಿ ಆದ ಮೇಲೆ ಎರಡು ಇ ಹಾಕೋಣ ಅಂತ ಒಂದು ಪ್ರಸ್ತಾಪ ಬಂತು, ಅದು 'ಜೀ' ಆಯಿತು. ಯು ಬದಲು ಎರಡು ಒ, ಅದು ಸೂರಗಿ. ಆರ್ ಆದ ಮೇಲಿನ ಎ ತೆಗೆದರೆ ಸುರ್ಗಿ. ಈ ನಡುವೆ ನನಗೆ ಗೊತ್ತಾಗಿದ್ದು, ಸಸ್ಯಶಾಸ್ತ್ರದವರು ಈ ಮರಕ್ಕೆ ಇಟ್ಟಿರೋ ಹೆಸರು 'ಮಾಮಿಯಾ ಸುರಿಗಾ'. ರಗೆ ಇರಬೇಕಾದ ಅಕಾರ ಗಗೆ ಹೋಗಿದೆ, ಗಗೆ ಇರಬೇಕಾದ ಇಕಾರ ರಗೆ ಬಂದಿದೆ. ಕೊಂಕಣಿ, ಮರಾಠಿಯಲ್ಲಿ ಅದು ಸುರಂಗಿ. ಮರದ್ದೇ ಹೀಗಾದರೆ ನಮ್ಮ ಕೂಸಿಂದು ಯಾವ ಲೆಕ್ಕ.

ಹೀಗೇ ದಿನ ಹೋಗಿ ಕೂಸಿಗೆ ಹನ್ನೊಂದು ತಿಂಗಳಾಯಿತು. ಲಸಿಕೆ ಕಾರ್ಡಿನಲ್ಲಿ ಇನ್ನೂ 'ಬೇಬಿ ಆಫ್ ಸೌಮ್ಯ'. ಒಂದು ವರ್ಷ ತುಂಬೋಕೆ ಇನ್ನು 20 ದಿನ ಅನ್ನೋವಾಗ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆವು. ಈಗ ಈ ಪ್ರಮಾಣಪತ್ರ ಮೊದಲಿನ ಹಾಗೆ ಸುಮ್ನೆ ಫೈಲಿನಲ್ಲಿ ಇಡೋ ಕಾಗದ ಅಲ್ಲ. 2023ರ ತಿದ್ದುಪಡಿ ಆದ ಮೇಲೆ, ಅಂದರೆ ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ, ಶಾಲೆ ಸೇರಿಸೋದರಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಸರ್ಕಾರಿ ಕೆಲಸದವರೆಗೆ ಹುಟ್ಟಿದ ದಿನಕ್ಕೆ ಇದೇ ದಾಖಲೆ. ನಮ್ಮ ಕಾಲಕ್ಕೆ ಎಸ್ಸೆಸ್ಸೆಲ್ಸಿ ಕಾರ್ಡು ಏನಾಗಿತ್ತೋ ಇವರಿಗೆ ಇದು ಹಾಗೆ. ಇದರಲ್ಲಿ ಒಮ್ಮೆ ಹೆಸರು ಕೂತರೆ ಆಮೇಲೆ ಬದಲಾಯಿಸೋದು ದೊಡ್ಡ ರಾಮಾಯಣ.

ನಾಚಿಕೆ ಬಿಟ್ಟು ಹೇಳುತ್ತೇನೆ, ನಮ್ಮ ಕೈಯಲ್ಲಿ ಎರಡು ಅರ್ಜಿ ಇತ್ತು. ಒಂದರಲ್ಲಿ ಎಚ್ ಇದೆ, ಒಂದರಲ್ಲಿ ಇಲ್ಲ. ಕಚೇರಿಯ ಮೆಟ್ಟಿಲ ಮೇಲೆ ಕೂತು ಕೂಸಿಗೆ ಬಾಳೆಹಣ್ಣು ತಿನ್ನಿಸುತ್ತಾ ಯಾವುದು ಕೊಡೋಣ ಅಂತ ಇನ್ನೂ ಪಿಸುಗುಟ್ಟುತ್ತಿದ್ದೆವು.

ಒಳಗೆ ಟೇಬಲ್ಲಿನ ಹಿಂದೆ ಇದ್ದವರು ನಮ್ಮ ಕಡೆಯವರೇ, ಐವತ್ತರ ಆಸುಪಾಸಿನ ಹೆಂಗಸು. ಮೊದಲು ನನ್ನ ಹೆಸರಿನ ಒ ಯು, ಒ ಡಬ್ಲ್ಯು ಜಗಳ ಬಗೆಹರಿಯಬೇಕಿತ್ತು. ಅದಕ್ಕೆ ನನ್ನ ದಾಖಲೆಗಳ ಪ್ರತಿ ಬೇಕು, ಪ್ರತಿಯ ಮೇಲೆ ಸಹಿ ಬೇಕು, ಜೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇಲ್ಲ. ಆ ಭಾಗ ಬಿಟ್ಟುಬಿಡುತ್ತೇನೆ, ಅದು ಎಲ್ಲರಿಗೂ ಗೊತ್ತಿರೋ ಕಥೆ. ಊಟದ ಹೊತ್ತು ಕಳೆದ ಮೇಲೆ ನಮ್ಮ ಸರದಿ ಮತ್ತೆ ಬಂತು.

'ಹೆಸರು?'

'ಸುರಗಿ.'

ನಾನು 'ಸುರಭಿ ಅಲ್ಲ' ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರು ತಲೆ ಎತ್ತಿ ಕೂಸನ್ನು ನೋಡಿದರು. 'ಸುರಗಿ! ಹೂವಿನ ಸುರಗಿ? ನಮ್ಮನೆ ಹಿತ್ತಲಲ್ಲಿ ಇತ್ತು ಮಾರಾಯ್ತಿ, ಕಡಿದ್ರು.' ಕನ್ನಡದ ಕಾಲಮ್ಮಿನಲ್ಲಿ ಟೈಪ್ ಮಾಡಿದರು. ಮೂರು ಅಕ್ಷರ, ತಪ್ಪಿಲ್ಲದೆ. ಆಮೇಲೆ ಇಂಗ್ಲಿಷ್ ಕಾಲಮ್ಮಿಗೆ ಬಂದು ಬೆರಳು ನಿಲ್ಲಿಸಿ ಕೇಳಿದರು.

'ಕಲಬುರಗಿಲಿ ಇದ್ದ ಹಾಗೇ ಅಲ್ದ?'

ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಕಲಬುರಗಿ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಕಲಬುರಗಿ ಆಯಿತಲ್ಲ, ಬೆಂಗಳೂರು, ಮೈಸೂರು, ಬೆಳಗಾವಿಗಳ ಜೊತೆ. ಸರ್ಕಾರ ಅದಕ್ಕೊಂದು ಇಂಗ್ಲಿಷ್ ಸ್ಪೆಲ್ಲಿಂಗ್ ಕೊಟ್ಟಿದೆ. ರೈಲ್ವೆ ಸ್ಟೇಷನ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದೆ. ಯು ಆರ್ ಎ ಜಿ ಐ, ಅಂತ ಮುಗಿಯುತ್ತದೆ. ಎಚ್ ಇಲ್ಲ. ಅದನ್ನು ಯಾರೂ ಕಲಬುರಾಜಿ ಅನ್ನೋದಿಲ್ಲ. ಯಾರಾದರೂ ಅಂದರೂ ಕಲಬುರಗಿಯವರು ಅದಕ್ಕಾಗಿ ಊರಿನ ಹೆಸರಿನಲ್ಲಿ ಎಚ್ ಸೇರಿಸಿಲ್ಲ.

'ಹೌದು ಮೇಡಂ, ಕಲಬುರಗಿ ಥರಾನೇ' ಅಂದೆ. ಎಚ್ ಇದ್ದ ಅರ್ಜಿಯನ್ನು ನನ್ನ ಗಂಡ ಮಡಚಿ ಜೇಬಿಗೆ ಹಾಕಿಕೊಂಡರು. ವರ್ಷ ಪೂರ್ತಿ ಎಳೆದಾಡಿದ ವಿಷಯ ಒಂದು ನಿಮಿಷದಲ್ಲಿ ಮುಗಿಯಿತು. ಸರ್‌ನೇಮಿನ ಜಾಗಕ್ಕೆ ಕೂಸಿನ ಅಪ್ಪನ ಹೆಸರು ಹಾಕಿಸಿದೆವು. ನಮ್ಮ ಕಡೆ ಹೆಗಡೆ, ಭಟ್ಟ, ನಾಯ್ಕ ಅಂತ ಇರುತ್ತೆ, ಅವರ ಕಡೆ ಊರಿನದ್ದು ಅಪ್ಪನದ್ದು ಇನಿಷಿಯಲ್. ಇನಿಷಿಯಲ್ ಇಟ್ಟರೆ ಮುಂದೆ ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯೋ ರಗಳೆ ಇರುತ್ತದೆ ಅಂತ ಇದನ್ನು ಮೊದಲೇ ಮಾತಾಡಿಕೊಂಡಿದ್ದೆವು. ಇದರಲ್ಲಿ ಜಗಳ ಆಗಲಿಲ್ಲ, ಆಶ್ಚರ್ಯ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಬಾಲ ಆಧಾರ್ ಮಾಡಿಸೋಕೆ ಹೋದೆವು. ಐದು ವರ್ಷದ ಒಳಗಿನ ಮಕ್ಕಳಿಗೆ ಕೊಡೋ ನೀಲಿ ಬಣ್ಣದ್ದು. ಬೆರಳಚ್ಚು ಇಲ್ಲ, ಕಣ್ಣಿನ ಸ್ಕ್ಯಾನ್ ಇಲ್ಲ, ಒಂದು ಫೋಟೊ ಅಷ್ಟೇ. ಅಲ್ಲಿದ್ದ ಹುಡುಗ ಪ್ರಮಾಣಪತ್ರ ನೋಡಿ ಇಂಗ್ಲಿಷಿನಲ್ಲಿ ಆರು ಅಕ್ಷರ ಟೈಪ್ ಮಾಡಿದ. ಪಕ್ಕದ ಕಾಲಮ್ಮಿನಲ್ಲಿ ಕನ್ನಡ ತಾನಾಗೇ ಮೂಡಿತು. ಸುರಾಗಿ.

'ಕನ್ನಡದ್ದು ತಪ್ಪಾಗಿದೆ' ಅಂದೆ.

'ಇಂಗ್ಲಿಷ್ ಸರಿ ಇದ್ರೆ ಸಾಕು ಮೇಡಂ. ಕನ್ನಡ ಅದೇ ಬರೋದು, ಕಂಪ್ಯೂಟರ್ ಹಾಕತ್ತೆ.'

ನನಗೆ ನಿಜವಾಗಿ ಸಿಟ್ಟು ಬಂತು. ಆ ಹುಡುಗನ ಮೇಲಲ್ಲ, ಪಾಪ. ಪ್ರಮಾಣಪತ್ರದಲ್ಲಿ ಕನ್ನಡದ ಹೆಸರು ಅವನ ಕಣ್ಣೆದುರಿಗೇ ಅಚ್ಚಾಗಿತ್ತು. ಸುರಗಿ ಅನ್ನೋದು ಹುಟ್ಟಿದ್ದೇ ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ಹಾಕಿ, ಇಂಗ್ಲಿಷಿನಿಂದ ಯಂತ್ರ ಅದನ್ನು ವಾಪಸ್ ಕನ್ನಡಕ್ಕೆ ತಂದು, ಆ ಹಾದಿಯಲ್ಲಿ ಒಂದು ದೀರ್ಘ ಸೇರಿಸಿಕೊಂಡು ಬಂದು, ಇದೇ ನಿಮ್ಮ ಮಗಳ ಹೆಸರು ಅಂತ ನನಗೇ ತೋರಿಸುತ್ತಿತ್ತು. ಡಲ್ಲಾಸಿನವರು ಹೇಗೆ ಓದುತ್ತಾರೋ ಅಂತ ಎರಡು ತಿಂಗಳು ನಿದ್ದೆಗೆಟ್ಟ ನಾನು, ಕನ್ನಡದಲ್ಲಿ ಅದು ತಪ್ಪಾಗಬಹುದು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

'ತಿದ್ದೋಕೆ ಬರುತ್ತಲ್ಲ?' ಅಂದೆ. ಬರುತ್ತದೆ. ಆ ಕಾಲಮ್ಮಿನ ಮೇಲೆ ಕ್ಲಿಕ್ ಮಾಡಿದರೆ ಪರದೆ ಮೇಲೆ ಕನ್ನಡ ಕೀಬೋರ್ಡ್ ಬರುತ್ತದೆ. ಹುಡುಗ ಇಡೀ ಹೆಸರು ಅಳಿಸಿ ಮತ್ತೆ ಹಾಕಿದ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಗೊಣಗಿದರು, ಗೊಣಗಲಿ. ಒಂದು ನಿಮಿಷ ಕೂಡ ಆಗಲಿಲ್ಲ. ಸಹಿ ಮಾಡೋಕೆ ಮುಂಚೆ ಅವರು ಕೊಡೋ ಚೀಟಿಯಲ್ಲಿ ಕನ್ನಡದ ಸಾಲನ್ನೂ ಒಂದು ಸಲ ಓದಿ ನೋಡಿ, ಇದೊಂದನ್ನ ಮಾತ್ರ ಎಲ್ಲರಿಗೂ ಹೇಳುತ್ತಿದ್ದೇನೆ. ನನ್ನದೇ ಆಧಾರ್ ಆಮೇಲೆ ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ ಒ ಡಬ್ಲ್ಯು ಇದೆ, ಕನ್ನಡದಲ್ಲಿ 'ಸೋವ್ಮ್ಯ' ಅಂತ ಇದೆ. ಇಷ್ಟು ವರ್ಷ ನೋಡೇ ಇರಲಿಲ್ಲ!

ಈಗ ಕೂಸಿಗೆ ಒಂದೂಮುಕ್ಕಾಲು ವರ್ಷ. ಸುರಗಿ ಅಂತ ಕರೆದರೆ ಮನಸ್ಸಿದ್ದರೆ ತಿರುಗುತ್ತಾಳೆ. ಕೂಸು ಅಂದರೆ ತಕ್ಷಣ ಓಡಿ ಬರುತ್ತಾಳೆ. ನಿನ್ನ ಹೆಸರೇನು ಅಂತ ಕೇಳಿದರೆ ಎದೆ ಮೇಲೆ ಕೈ ಇಟ್ಟುಕೊಂಡು 'ಗಿಗಿ' ಅನ್ನುತ್ತಾಳೆ. ಅದೇ ಈಗ ಮನೆಯ ಹೆಸರಾಗಿದೆ, ಅತ್ತಿಗೆ ಕೂಡ ಚಾಕು ಬಿಟ್ಟು ಗಿಗಿಗೆ ಬಂದಿದ್ದಾರೆ. ಹೋದ ವಾರ ತಮ್ಮ ಅಲ್ಲಿಂದ ಅವಳಿಗೆ ಒಂದು ಹಾಲು ಕುಡಿಯೋ ಕಪ್ ಕಳಿಸಿದ, ಮೇಲೆ ಬಣ್ಣದಲ್ಲಿ ಹೆಸರು ಬರೆಸಿದ್ದಾನೆ. ಜಿ ಎಚ್ ಐ, ಜಿ ಎಚ್ ಐ. ಮಾವ ಕಪ್ ತಿರುಗಿಸಿ ತಿರುಗಿಸಿ ನೋಡಿ, 'ಎರಡು ಸಲ ತುಪ್ಪ' ಅಂದರು.